ಡಿಕಾಕ್ಷನ್ ಬೆರೆಸಿದ ಬಿಯರ್

ಡಬ್ಲಿನ್ನಿನ ಆ ಹಳೆಯ ಪಬ್ಬಿನ ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ಬಡಿದದ್ದು ಹುರಿದ ಕಾಫಿಬೀಜದಂಥ ವಾಸನೆ. ಅದರ ಹಿಂದೆ ಮಳೆಯಲ್ಲಿ ನೆನೆದ ಉಣ್ಣೆಕೋಟುಗಳ ವಾಸನೆ, ಅದಕ್ಕೂ ಹಿಂದೆ ಕಲ್ಲಿದ್ದಲ ಹೊಗೆ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಮುದುಕರೊಬ್ಬರು ಟೋಪಿ ತೆಗೆದು, ಪಕ್ಕದಿಂದ ನುಸುಳಿಕೊಂಡು ಒಳಗೆ ಹೋದರು. ನನ್ನ ವೇಷವೋ, ಸೀರೆಯ ಮೇಲೆ ಕೋಟು, ಕಾಲಿಗೆ ಗಂಡಸರ ಕಾಲುಚೀಲ, ಹಣೆಯಲ್ಲಿ ಕುಂಕುಮ. ಈ ಹೆಂಗಸು ಚರ್ಚು ಹುಡುಕುತ್ತ ದಾರಿ ತಪ್ಪಿದ್ದಾಳೆ ಅಂದುಕೊಂಡಿರಬೇಕು, ಪಾಪ.

ಅದು ೨೦೦೬. ನನಗೆ ನಲವತ್ತೇಳು. ನಾಗಪುರದಲ್ಲಿ ಕೇಂದ್ರ ಸರಕಾರದ ಪ್ರಯೋಗಾಲಯವೊಂದರಲ್ಲಿ ಕಲ್ಲಿದ್ದಲು, ಅದಿರು ಇವುಗಳನ್ನು ಸುಟ್ಟು, ಕರಗಿಸಿ, ಅವುಗಳಲ್ಲಿ ಏನೇನಿದೆ ಎಂದು ಬರೆದುಕೊಡುವ ಕೆಲಸ ನನ್ನದು. ಹೊಸ ಯಂತ್ರವೊಂದು ಬರುವುದಿತ್ತು, ಅದನ್ನು ನಡೆಸಲು ಕಲಿಯಲಿಕ್ಕೆ ನನ್ನನ್ನು ಎರಡು ವಾರ ಡಬ್ಲಿನ್ನಿಗೆ ಕಳಿಸಿದ್ದರು. ಕಳಿಸಿದ್ದು ಪಬ್ಬಿಗೆ ಹೋಗು ಅಂತ ಅಲ್ಲ, ಒಪ್ಪುತ್ತೇನೆ. ಆದರೆ ಶನಿವಾರ ಯಂತ್ರಕ್ಕೂ ರಜೆ ಇತ್ತು, ನನಗೂ ಇತ್ತು.

ಗ್ಲಾಸು ತುಂಬಿಕೊಡುವ ಕಟ್ಟೆಯ ಆಚೆ ನಿಂತಿದ್ದ ನನ್ನ ವಯಸ್ಸಿನ ಹೆಂಗಸನ್ನು ಇಲ್ಲಿ ಸ್ನಗ್ ಇದೆಯೇ ಎಂದು ಕೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಮೂಲೆಯ ಬಾಗಿಲು ತೋರಿಸಿದಳು. ಒಳಗೆ ಹೋದರೆ, ದೇವರೇ, ಕೇಳಿದ್ದು ಒಂದೂ ಸುಳ್ಳಲ್ಲ. ಮೂರು ಜನ ಕೂಡಬಹುದಾದಷ್ಟೇ ಸಣ್ಣ ಕೋಣೆ. ಕರ್ರಗಾದ ಮರದ ಗೋಡೆ, ಮೇಲೆ ಹೂಬಳ್ಳಿ ಕೊರೆದ ಮಸುಕು ಗಾಜು. ಬಾಗಿಲಿಗೆ ಒಳಗಿನಿಂದ ಹಿತ್ತಾಳೆಯ ಚಿಲಕ. ಕಟ್ಟೆಯ ಕಡೆ ಒಂದು ಪುಟ್ಟ ಕಿಂಡಿ. ಅದರಲ್ಲಿ ಗ್ಲಾಸು ಬರುತ್ತದೆ, ಗ್ಲಾಸು ಹೋಗುತ್ತದೆ, ಒಳಗೆ ಕೂತವರ ಮುಖ ಯಾರಿಗೂ ಕಾಣುವುದಿಲ್ಲ. ಹೆಂಗಸರು ಮರ್ಯಾದೆ ಕಳೆದುಕೊಳ್ಳದೆ ಕುಡಿಯಲಿ ಅಂತ ಹಿಂದಿನ ಕಾಲದಲ್ಲಿ ಮಾಡಿಸಿದ್ದಂತೆ.

ಇಲ್ಲಿಯವರ ಕಪ್ಪು ಬಿಯರು ಸ್ಟೌಟ್ ಒಂದು, ವಿಸ್ಕಿ ಒಂದು ಹೇಳಿದೆ. ಆಕೆ ಗ್ಲಾಸನ್ನು ಓರೆ ಹಿಡಿದು ಮುಕ್ಕಾಲು ತುಂಬಿ, ಕಟ್ಟೆಯ ಮೇಲಿಟ್ಟು ಬೇರೆ ಕೆಲಸಕ್ಕೆ ಹೋದಳು. ಒಳಗೆ ಕಂದು ಬಣ್ಣದ ಮೋಡ ಸುತ್ತುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಬಂದು ಉಳಿದ ಕಾಲುಭಾಗ ತುಂಬಿ ಕಿಂಡಿಯಲ್ಲಿ ಸರಿಸಿದಳು. ನಾನು ಮುಟ್ಟಲಿಲ್ಲ. ನೊರೆ ಪೂರ್ತಿ ಮೇಲೇರಿ, ಕೆಳಗೆ ಕಪ್ಪು, ಮೇಲೆ ಬಿಳಿ ಎಂದು ಬೇರೆಯಾಗುವ ತನಕ ಕೈಕಟ್ಟಿ ಕೂತೆ. ಹೊಸಬರು ಯಾರೂ ಇಷ್ಟು ಕಾಯುವುದಿಲ್ಲ, ಯಾರು ಹೇಳಿಕೊಟ್ಟರು ಎಂದು ಆಕೆ ಕಿಂಡಿಯಿಂದ ಕೇಳಿದಳು.

ಹೇಳಿಕೊಟ್ಟವಳು ಡೋರೀನ್. ಈ ಊರನ್ನು ಒಮ್ಮೆಯೂ ನೋಡದವಳು.

೧೯೯೫ರ ಜೂನಿನಲ್ಲಿ ನನಗೆ ಬೆಂಗಳೂರಿನಿಂದ ನಾಗಪುರಕ್ಕೆ ವರ್ಗವಾಯಿತು. ಊರು ಗದಗ, ವಯಸ್ಸು ಮೂವತ್ತಾರು, ಮದುವೆ ಇಲ್ಲ. ಈ ಮೂರರಲ್ಲಿ ಮೊದಲಿನ ಎರಡಕ್ಕೆ ನಾಗಪುರದ ಮನೆ ಮಾಲಕರ ತಕರಾರಿರಲಿಲ್ಲ. ಮಿಸ್ಟರ್ ಎಲ್ಲಿ, ಮಿಸ್ಟರ್ ಯಾವಾಗ ಬರುತ್ತಾರೆ, ಇದೊಂದೇ ಪ್ರಶ್ನೆ. ಒಂಬತ್ತು ಮನೆ ನೋಡಿ ಸಾಕಾಗಿ, ಮೊದಲ ಮಳೆಯಲ್ಲಿ ತೊಯ್ದು, ಸದರ್ ಬಡಾವಣೆಯ ಒಂದು ಹಳೆಯ ಹಂಚಿನ ಮನೆಯ ಮುಂದೆ ನಿಂತೆ. ಮೊಣಕಾಲು ಮುಚ್ಚುವ ಫ್ರಾಕು, ಬಿಳಿ ಕ್ಯಾನ್ವಾಸ್ ಶೂ, ಕತ್ತರಿಸಿದ ನರೆಗೂದಲು, ಹೀಗೆ ಒಬ್ಬ ಮುದುಕಿ ಹೊರಗೆ ಬಂದಳು. ಒಬ್ಬಳೇ ಇರುವುದೇ ಎಂದು ಹಿಂದಿಯಲ್ಲಿ ಕೇಳಿದಳು. ನನಗೆ ಪಿತ್ತ ನೆತ್ತಿಗೇರಿತು. ಈಕೀನೂ ಗಂಡನ್ನ ಕೇಳ್ತಾಳ ನೋಡು ಇನ್ನ ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ.

"ನಾ ಯಾಕ ಕೇಳ್ಲವಾ?" ಅಂದಳು ಆ ಮುದುಕಿ. "ನನಗಽ ಗಂಡ ಇಲ್ಲ."

ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ನರ್ಸಾಗಿದ್ದವಳು ಡೋರೀನ್. ಅವಳ ಅಜ್ಜಿ ಡಬ್ಲಿನ್ನಿನವಳು, ಒಬ್ಬ ಸಿಪಾಯಿಯನ್ನು ಕಟ್ಟಿಕೊಂಡು ನಾಗಪುರದ ಪಕ್ಕದ ಕಾಮಠಿಯ ದಂಡಿಗೆ ಬಂದವಳು. ಆಮೇಲಿನವರೆಲ್ಲ ರೈಲ್ವೆಗೆ ಸೇರಿದರು. ಜೊತೆಗೆ ಬೆಳೆದವರು ಒಬ್ಬೊಬ್ಬರೇ ಆಸ್ಟ್ರೇಲಿಯಾ ಸೇರಿಕೊಂಡರು, ಇವಳು ನಿವೃತ್ತಿಯಾಗಿ ಅಪ್ಪನ ಈ ಮನೆಗೆ ಬಂದಳು. ಮನೆಯ ಮುಂದಿನ ಭಾಗವನ್ನು ನನಗೆ ಬಾಡಿಗೆಗೆ ಕೊಟ್ಟಳು. ಕನ್ನಡ ಕಲಿತದ್ದು ರೋಗಿಗಳಿಂದ, ಆಯಾಗಳಿಂದ. ಹೀಗಾಗಿ ಅವಳ ಕನ್ನಡವೆಲ್ಲ ಅಪ್ಪಣೆಯ ಕನ್ನಡ: ನಾಲಿಗಿ ತಗೀರಿ, ಉಸಿರು ಹಿಡೀರಿ, ಮಗ್ಗಲಾಗ್ರಿ. ಬೆಳಿಗ್ಗೆ ಆಫೀಸಿಗೆ ಹೊರಟವಳನ್ನು ಗೇಟಿನಲ್ಲಿ ನಿಲ್ಲಿಸಿ, ಬೀದಿಗೆಲ್ಲ ಕೇಳುವ ಹಾಗೆ, ಸಂಡಾಸಕ್ಕ ಬರೋಬರ್ ಆತೇನವಾ ಎಂದು ವಿಚಾರಿಸುತ್ತಿದ್ದಳು. ಓಣಿಯ ಮಂದಿಗೆ ಕನ್ನಡ ಬಾರದ್ದು ನನ್ನ ಪುಣ್ಯ.

ಆ ವರ್ಷ ಮಳೆ ಜೋರು. ಉಮರೇಡಿನ ಗಣಿಯಿಂದ ಬರುವ ಕಲ್ಲಿದ್ದಲ ಮಾದರಿಗಳ ಚೀಲಗಳು ಒದ್ದೆಯಾಗಿಯೇ ಬರುತ್ತಿದ್ದವು. ಅವನ್ನು ಒಣಗಿಸುವುದರಲ್ಲೇ ದಿನ ಹೋಗುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರು, ಮರಾಠಿಯಲ್ಲಿ ನಗುತ್ತಿದ್ದರು. ಅವರ ನಗೆ ಮುಗಿದ ಮೇಲೆ ನನಗೆ ಅರ್ಥವಾಗುತ್ತಿತ್ತು. ಸಂಜೆ ಬಂದು ಒಂದು ಕುಕ್ಕರಿನಲ್ಲಿ ಅನ್ನ-ಬೇಳೆ ಇಟ್ಟರೆ ಎರಡು ಹೊತ್ತಿಗೆ ಸಾಕು. ಒಬ್ಬಳಿಗೆ ಅಡಿಗೆ ಮಾಡಿಕೊಳ್ಳುವುದು ನನಗೆ ಅಂದೂ ಬೇಸರ, ಇಂದೂ ಬೇಸರ.

ಜುಲೈಯ ಒಂದು ಶನಿವಾರ ಸಂಜೆ ಐದಕ್ಕೆ ಹಿಂದಿನಿಂದ ಕೂಗು ಬಂತು, "ಬಾರವಾ ಗಿರಿಜವ್ವಾ." ಹಿಂದೆ ತಗಡಿನ ಮಾಡಿನ ಒಂದು ಸಣ್ಣ ಪಡಸಾಲೆ ಇತ್ತು. ಮೂರು ಕಡೆ ಬಿದಿರಿನ ತಟ್ಟಿ, ಬಾಗಿಲಿಗೆ ಚಿಲಕ. ಅದನ್ನು ಅವಳು ಸ್ನಗ್ ಅನ್ನುತ್ತಿದ್ದಳು. ಅಜ್ಜಿ ಹೇಳಿದ್ದ ಕೋಣೆ, ಕಿಂಡಿ, ಕಪ್ಪು ಬಿಯರು, ಎಲ್ಲವನ್ನೂ ನನಗೆ ಹೇಳಿದಳು. ಮೇಜಿನ ಮೇಲೆ ಒಂದು ಬಿಯರ್ ಬಾಟಲಿ, ಎರಡು ಉದ್ದನೆಯ ಗಾಜಿನ ಲೋಟ. ಮಹಾರಾಷ್ಟ್ರದಲ್ಲಿ ಕುಡಿಯಲಿಕ್ಕೆ ಪರ್ಮಿಟ್ಟು ಬೇಕು, ಅದರಲ್ಲಿ ಆರೋಗ್ಯರಕ್ಷಣೆಗಾಗಿ ಎಂದು ಬರೆದಿರುತ್ತದೆ. ನಿವೃತ್ತ ನರ್ಸು ಅದನ್ನು ಅಕ್ಷರಶಃ ನಂಬಿದ್ದಳು. ಆದರೆ ಅವಳಿಗೆ ಒಂದು ಕೊರಗು. ಅಜ್ಜಿಯ ಬಿಯರು ಕಪ್ಪಗೆ, ಸುಟ್ಟ ವಾಸನೆಯದು. ಇಲ್ಲಿ ಸಿಗುವುದು ಬರೇ ಹಳದಿ ನೀರು.

ಆಗ ನಾನು ಮಾಡಿದ ಕೆಲಸಕ್ಕೆ ನಗಬೇಡಿ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವಾಗ ಅಂಟಿದ ಫಿಲ್ಟರ್ ಕಾಫಿಯ ಚಟ ನನಗೆ. ಒಳಗೆ ಹೋಗಿ, ಬೆಳಿಗ್ಗೆ ಇಳಿಸಿದ್ದ ತಣ್ಣನೆಯ ಡಿಕಾಕ್ಷನ್ ತಂದು ಬಿಯರಿಗೆ ಸುರಿದೆ. ನೊರೆ ಉಕ್ಕಿ ಮೇಜೆಲ್ಲ ಹರಿಯಿತು. ಡೋರೀನ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡಳು. ಮುಂದಿನ ಶನಿವಾರದಿಂದ ನಾನು ಆಫೀಸಿನಲ್ಲಿ ಅಳೆಯುವ ಹಾಗೆ ಅಳೆದು ಹಾಕತೊಡಗಿದೆ. ಬಾಟಲಿಗೆ ಅರ್ಧ ಲೋಟ ಹೆಚ್ಚು, ಕಾಲು ಲೋಟ ಕಡಿಮೆ, ಕೊನೆಗೆ ಮೂರು ಸೌಟಿಗೆ ನಿಂತೆವು. ಮೊದಲ ಎರಡು ವಾರ ನಾನು ಬರೇ ಕಾಫಿ ಕುಡಿದೆ. ಮೂರನೆಯ ವಾರ ಎರಡನೆಯ ಲೋಟವನ್ನೂ ತುಂಬಿಸಿದೆ. ನಮ್ಮ ವಂಶದಲ್ಲೇ ಮೊದಲು ನಾನು. ಅವಳು ನನ್ನ ಕೈಮೇಲೆ ಚಟ್ಟನೆ ಹೊಡೆದಳು.

"ಬಿಳಿ ನೊರಿ ಮ್ಯಾಲ ಬಂದು ಕೂಡೂ ತನಕ ಕೈ ಹಚ್ಚಬ್ಯಾಡವಾ."

ನಮ್ಮ ನೊರೆ ಬಿಳಿಯಾಗಿ ಕೂತದ್ದು ಒಮ್ಮೆಯೂ ಇಲ್ಲ. ಕಂದಾಗಿಯೇ ಏಳುತ್ತಿತ್ತು, ಜರ್ರನೆ ಇಳಿಯುತ್ತಿತ್ತು. ಆದರೂ ಕಾಯುತ್ತಿದ್ದೆವು. ತಗಡಿನ ಮೇಲೆ ಮಳೆ, ದೂರದಲ್ಲಿ ಇಟಾರಸಿ ಕಡೆಯ ಗಾಡಿಯ ಸಿಳ್ಳು, ಇಬ್ಬರು ಹೆಂಗಸರು ಎರಡು ಲೋಟಗಳನ್ನು ದಿಟ್ಟಿಸುತ್ತ ಕೂತಿರುವುದು. ಕೊನೆಗೆ ಗಂಟಲಿಗೆ ಅಂತ ಅವಳು ಅಗ್ಗದ ವಿಸ್ಕಿಯನ್ನು ಮುಚ್ಚಳದಲ್ಲಿ ಅಳೆದು ಒಂದೊಂದು ಕೊಡುತ್ತಿದ್ದಳು. ಕೆಮ್ಮಿನ ಔಷಧ ಕೊಡುವ ಹಾಗೆಯೇ ಕೊಡುತ್ತಿದ್ದಳು. ಹುಬ್ಬಳ್ಳಿ ಬಿಟ್ಟ ಮೇಲೆ ಬಾಯಿತುಂಬ ಕನ್ನಡ ಮಾತಾಡಲು ಒಬ್ಬರೂ ಇರಲಿಲ್ಲ, ನೀ ಬಂದಿ, ಎಂದು ಒಮ್ಮೆ ಹೇಳಿದಳು. ನಾನೂ ವಾರವಿಡೀ ಕನ್ನಡ ಆಡುತ್ತಿದ್ದದ್ದು ಅವಳೊಬ್ಬಳ ಜೊತೆ. ಇಬ್ಬರಲ್ಲಿ ಯಾರಾದರೂ ಒಬ್ಬರು ಡಬ್ಲಿನ್ನಿಗೆ ಹೋದರೆ, ನಿಜವಾದ ಸ್ನಗ್ಗಿನಲ್ಲಿ ಕೂತು ಕುಡಿದು, ನಮ್ಮದು ಎಷ್ಟು ಸರಿ ಇತ್ತು ಎಂದು ಇನ್ನೊಬ್ಬರಿಗೆ ಹೇಳಬೇಕು ಅಂತ ಮಾತಾಯಿತು. ಆ ಮಾತಾದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ದಸರೆ ಮುಗಿದ ವಾರ ಅವ್ವ ಬಂದಳು. ಬಂದದ್ದು ನನಗೊಂದು ಸಂಬಂಧ ನೋಡಲು. ನಾಗಪುರದಲ್ಲೇ ಬ್ಯಾಂಕಿನಲ್ಲಿದ್ದ ಕನ್ನಡದವರು, ಹೆಂಡತಿ ತೀರಿಹೋಗಿದ್ದಳು. ಅವರ ಅಕ್ಕ ಶನಿವಾರ ಮನೆಗೆ ಬಂದು ನನ್ನನ್ನೂ ನನ್ನ ಮನೆಯನ್ನೂ ನೋಡುವುದು ಎಂದು ನಿಶ್ಚಯವಾಯಿತು. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ನಿಜ ಹೇಳಬೇಕೆಂದರೆ, ಬೇಡ ಅನಿಸಿರಲೂ ಇಲ್ಲ. ಒಬ್ಬಳೇ ಕುಕ್ಕರ್ ಕೂಗಿಸಿ ಸಾಕಾಗಿತ್ತು.

ಅವ್ವ ಬರುತ್ತಾಳೆಂದು ನನಗಿಂತ ಹೆಚ್ಚು ಕುಣಿದವಳು ಡೋರೀನ್. ಏನಂತ ಕರೀಲಿ ಎಂದು ಮೂರು ಸಲ ಕೇಳಿದಳು. ಅವ್ವಾರ ಅಂದರೆ ಸಾಕು ಎಂದೆ. ಅವ್ವ ಮೊಟ್ಟೆ ಮುಟ್ಟುವುದಿಲ್ಲ ಎಂದು ತಿಳಿದು, ಮೊಟ್ಟೆ ಹಾಕದೆ ಕೇಕು ಮಾಡುವುದನ್ನು ಯಾರಿಂದಲೋ ಕಲಿತು, ಎರಡು ಸಲ ಕೆಡಿಸಿ ಮೂರನೆಯ ಸಲ ಗೆದ್ದಳು. ನಾನು ಮಾತ್ರ, ಅವ್ವನಿಗೆ ಪ್ರಯಾಣದ ದಣಿವು, ನಾನೇ ಕರೀತೀನಿ, ಅಲ್ಲಿತನಕ ತಡಿ ಎನ್ನುತ್ತ ಎರಡು ದಿನ ತಳ್ಳಿದೆ. ಕುಡಿಯುವ ಮುದುಕಿ, ಫ್ರಾಕು, ಬಾಟಲಿ, ಇವೆಲ್ಲದರ ನಡುವೆ ಅವ್ವನಿಗೆ ನನ್ನ ಮುಖ ಕಂಡುಬಿಟ್ಟರೆ ಎಂಬ ಹೆದರಿಕೆ.

ಶನಿವಾರ ವರನ ಅಕ್ಕ ಬಂದರು. ಜರಿಸೀರೆ, ಚುರುಕು ಕಣ್ಣು. ಕೈ ತೊಳೆಯಲು ಹಿಂದೆ ಹೋಗಿ ಬಂದವರು, ಆ ಪಡಸಾಲೆಯಲ್ಲಿ ಬಿಯರ್ ಬಾಟಲಿಗಳು ಸಾಲಾಗಿವೆಯಲ್ಲ, ಲೋಟವೂ ಎರಡಿವೆಯಲ್ಲ ಎಂದು ಮೆಲ್ಲಗೆ ಕೇಳಿದರು. ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಡೋರೀನ್. ಇಸ್ತ್ರಿ ಮಾಡಿದ ನೀಲಿ ಫ್ರಾಕು, ತುಟಿಗೆ ಬಣ್ಣ, ಕೈಯಲ್ಲಿ ಕೇಕಿನ ಡಬ್ಬಿ. ಅಭ್ಯಾಸ ಮಾಡಿಕೊಂಡು ಬಂದದ್ದನ್ನು ಹೇಳಲು ಬಾಯಿ ತೆರೆದೇ ಇತ್ತು.

"ಈಕಿ ಮನಿ ಮಾಲಕಿ," ಎಂದೆ ನಾನು, ಜೋರಾಗಿ, ಕನ್ನಡದಲ್ಲೇ. "ಬಾಟ್ಲಿ ಆಕೀವು. ನಾ ಆಕಿ ಕೂಡ ಮಾತಾಡಂಗಿಲ್ಲ. ಬಾಡಿಗಿ ಕೊಡ್ತೀನಿ, ಬಾಗಲಾ ಹಾಕ್ಕೋತೀನಿ, ಅಷ್ಟಽ."

ಅವಳ ಬಾಯಿ ಮುಚ್ಚಿಕೊಂಡಿತು. ಡಬ್ಬಿ ಹಿಡಿದ ಕೈ ಬೆನ್ನ ಹಿಂದೆ ಹೋಯಿತು. ಆಮೇಲೆ ಅವಳು ನನ್ನನ್ನು ನೋಡಿ, ಪಕ್ಕಾ ನಾಗಪುರದ ಹಿಂದಿಯಲ್ಲಿ, ನಲ್ಲಿಗೆ ನೀರು ಬಂದಿದೆ ಮಿಸ್, ಬಕೆಟ್ ತುಂಬಿಸಿಕೊಳ್ಳಿ ಎಂದು ಹೇಳಿ ಹೊರಟುಹೋದಳು. ನೀರು ಬರುವ ಹೊತ್ತು ಅದಾಗಿರಲಿಲ್ಲ. ನನ್ನ ಸುಳ್ಳು ನಿಲ್ಲಲಿ ಅಂತ ಅವಳೂ ಒಂದು ಸುಳ್ಳು ಹೇಳಿದ್ದಳು.

"ಈಕಿಗೆ ಕನ್ನಡ ಬರಂಗಿಲ್ಲೇನವಾ?" ಎಂದು ಅವ್ವ ಕೇಳಿದಳು.

"ಇಲ್ಲವ್ವಾ," ಎಂದೆ.

ಆ ಸಂಬಂಧ ಕೂಡಲಿಲ್ಲ. ನನ್ನ ವಯಸ್ಸು ಹೆಚ್ಚಾಯಿತಂತೆ, ಅದು ಬರುವ ಮೊದಲೇ ಅವರಿಗೆ ಗೊತ್ತಿರಬೇಕಿತ್ತು. ಅವ್ವ ಇನ್ನೂ ಎಂಟು ದಿನ ಇದ್ದಳು. ನಾನು ಆಫೀಸಿಗೆ ಹೋಗಿ ಬರುತ್ತಿದ್ದೆ, ಸಂಜೆ ಅವ್ವನನ್ನು ತೇಲಂಗಖೇಡಿ ಕೆರೆಗೆ, ಗಣಪತಿ ಗುಡಿಗೆ ಕರೆದೊಯ್ಯುತ್ತಿದ್ದೆ. ಗೇಟಿನಲ್ಲಿ ಸಿಕ್ಕರೆ ಡೋರೀನ್ ಗುಡ್ ಮಾರ್ನಿಂಗ್ ಮಿಸ್ ಅನ್ನುತ್ತಿದ್ದಳು. ಬೇರೆ ವಿಚಾರಣೆ ಇಲ್ಲ. ಆ ಕೊಳಕು ಪ್ರಶ್ನೆಯನ್ನು ಬೀದಿಗೆಲ್ಲ ಕೇಳುವ ಹಾಗೆ ಒಮ್ಮೆ ಕೇಳಬಾರದೇ ಎಂದು ನನಗೆ ಅಳು ಬರುವಷ್ಟು ಅನಿಸಿತು.

ಅವ್ವ ಹೋದ ಮೇಲಿನ ಶನಿವಾರ ಡಿಕಾಕ್ಷನ್ ಇಳಿಸಿಕೊಂಡು ಹಿಂದಕ್ಕೆ ಹೋದೆ. ಎರಡು ಲೋಟ ಇಟ್ಟಿದ್ದಳು. ತಾಯಿ ಸುಖವಾಗಿ ಊರು ತಲುಪಿದರೇ ಎಂದು ಹಿಂದಿಯಲ್ಲಿ ಕೇಳಿದಳು. ಹಾಂ ಜೀ ಎಂದು ನಾನೂ ಹಿಂದಿಯಲ್ಲೇ ಹೇಳಿದೆ. ನೊರೆ ಏರಿತು, ಇಳಿಯಿತು. ತಪ್ಪಾಯಿತು ಎಂದು ಹೇಳಲೆಂದೇ ಹೋಗಿದ್ದೆ. ಅವಳು ಮೊದಲು ಒಂದು ಕನ್ನಡದ ಶಬ್ದ ಆಡಲಿ, ಆಮೇಲೆ ಹೇಳುತ್ತೇನೆ ಎಂದು ಕಾದೆ. ಅವಳು ಆಡಲಿಲ್ಲ. ಇದು ನನಗೆ ಕೊಟ್ಟ ಶಿಕ್ಷೆ ಎಂದುಕೊಂಡೆ. ತಪ್ಪು ಮಾಡಿದವಳಿಗೇ ಸಿಟ್ಟು ಬರುವುದುಂಟಲ್ಲ, ಹಾಗೆ ನನಗೇ ಸಿಟ್ಟು ಬಂತು. ಮತ್ತೆ ಹೋಗಲಿಲ್ಲ. ಆದರೆ ಪ್ರತಿ ಶನಿವಾರ ಐದಕ್ಕೆ ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ತಟ್ಟಿಯ ಸಂದಿಯಲ್ಲಿ ಎರಡು ಲೋಟ ಕಾಣುತ್ತಿದ್ದವು.

ಜನವರಿಯಲ್ಲಿ, ಬೀದಿಯಲ್ಲೆಲ್ಲ ಕಿತ್ತಳೆಯ ಗಾಡಿಗಳು ತುಂಬಿದ್ದ ಹೊತ್ತಿಗೆ, ಸೆಮಿನರಿ ಹಿಲ್ಸಿನಲ್ಲಿ ಸರಕಾರಿ ಕ್ವಾರ್ಟರ್ಸ್ ಸಿಕ್ಕಿತು. ಟೆಂಪೋದಲ್ಲಿ ಸಾಮಾನು ಏರಿಸಿದೆ. ಡೋರೀನ್ ಗೇಟಿನ ತನಕ ಬಂದು, ಗಾಜಿನ ಸಾಮಾನು ಮೇಲಿಡಿ ಎಂದು ಚಾಲಕನಿಗೆ ಹಿಂದಿಯಲ್ಲಿ ಹೇಳಿದಳು. ಅಲ್ಲಿಂದ ಸದರಿಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಎರಡು ವರ್ಷ ನಾನು ಆ ಓಣಿಯನ್ನು ತಪ್ಪಿಸಿಕೊಂಡೇ ಓಡಾಡಿದೆ. ಕೊನೆಗೆ ಒಂದು ದಿನ ಧೈರ್ಯ ಮಾಡಿ ಹೋದರೆ ಅಲ್ಲಿ ಹಲ್ಲಿನ ಡಾಕ್ಟರ ಬೋರ್ಡಿತ್ತು. ಸಿಸ್ಟರ್ ಆಂಟಿಯನ್ನು ಬಿಲಾಸಪುರದಿಂದ ತಂಗಿಯ ಮಗಳು ಬಂದು ಕರೆದುಕೊಂಡು ಹೋದಳು, ವಿಳಾಸ ಗೊತ್ತಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು.

ಹೀಗೆ ನಾನು ಒಬ್ಬಳೇ ಡಬ್ಲಿನ್ನಿಗೆ ಬಂದು ಸ್ನಗ್ಗಿನಲ್ಲಿ ಕೂತಿದ್ದೆ. ನೊರೆ ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು. ಒಂದು ಗುಟುಕು ಕುಡಿದೆ. ವಾಸನೆ ನಾವು ಮಾಡಿದ್ದಕ್ಕೆ ಬಹಳ ಹತ್ತಿರ. ರುಚಿ ಇನ್ನೂ ಮೆತ್ತಗೆ. ನಮ್ಮದು ನಾಲಿಗೆಯನ್ನು ಕೆರೆಯುತ್ತಿತ್ತು. ಮೂರು ಸೌಟಿನ ಬದಲು ಎರಡು ಹಾಕಿದ್ದರೆ ಸರಿಹೋಗುತ್ತಿತ್ತು ಎಂದು ನನಗೆ ಅಲ್ಲಿ ತಿಳಿಯಿತು. ಅದನ್ನು ಹೇಳಬೇಕಾದವಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ.

ವಿಸ್ಕಿಯ ಸಣ್ಣ ಗ್ಲಾಸನ್ನು ನಾನು ಎದುರಿನ ಖಾಲಿ ಜಾಗದ ಮುಂದೆ ಇಟ್ಟಿದ್ದೆ. ಯಾರಾದರೂ ಬರುವವರಿದ್ದಾರೆಯೇ ಎಂದು ಕಟ್ಟೆಯ ಹೆಂಗಸು ಕಿಂಡಿಯಲ್ಲಿ ಬಗ್ಗಿ ಕೇಳಿದಳು. ನನ್ನ ಗೆಳತಿ, ಎಂದೆ. ಹೇಳಿದ ಮೇಲೆ ಹೊಳೆಯಿತು, ಡೋರೀನಳನ್ನು ನಾನು ಹೀಗೆ ಇನ್ನೊಬ್ಬರ ಮುಂದೆ ಕರೆದದ್ದು ಅದೇ ಮೊದಲು. ಆಮೇಲೆ ಕೂಡಲಾಗಲಿಲ್ಲ. ಹೊರಗೆ ಸಂದಿಯ ಗೋಡೆಯಲ್ಲಿ ಒಂದು ಫೋನಿತ್ತು. ಫೋನ್ ಕಾರ್ಡಿನ ನಂಬರು ಒತ್ತಿ ಗದಗಿಗೆ, ಅಕ್ಕನ ಮನೆಗೆ ಹಚ್ಚಿದೆ. ಅಲ್ಲಿ ದೀಪ ಹಚ್ಚುವ ಹೊತ್ತು. ಅವ್ವನೇ ಎತ್ತಿಕೊಂಡಳು.

"ಅವ್ವಾ, ನಾಗಪುರದಾಗ ಆ ಮನಿ ಮಾಲಕಿ ನೆನಪ ಅದಾಳೇನು? ಆಕಿಗೆ ಕನ್ನಡ ಬರತಿತ್ತು. ನಾ ಸುಳ್ಳ ಹೇಳಿದ್ದೆ. ಆಕಿ ನನ್ನ ಗೆಳತಿ ಇದ್ಲು."

"ಗೊತ್ತೈತಿ," ಅಂದಳು ಅವ್ವ.

ಅವ್ವನೇ ಮುಂದುವರಿಸಿದಳು. ನೀ ಆಫೀಸಿಗೆ ಹೋದರೆ ಮನೆಯಲ್ಲಿ ಇದ್ದವರು ನಾವಿಬ್ಬರೇ ಅಲ್ಲವೇ ಅಂದಳು. ವರನ ಅಕ್ಕ ಬಂದುಹೋದ ಮೇಲಿನ ಸೋಮವಾರ ಅವ್ವನಿಗೆ ಧೂಳಿಗೆ ಕೆಮ್ಮು ಹತ್ತಿ ಉಸಿರು ಸಿಕ್ಕಿಕೊಂಡಿತಂತೆ. ಡೋರೀನ್ ಓಡಿಬಂದು ಬೆನ್ನ ಮೇಲೆ ಕೈಯಿಟ್ಟು, ಉಸಿರು ಹಿಡೀರಿ ಅವ್ವಾರ, ಈಗ ಬಿಡ್ರಿ, ಅಂದಳಂತೆ. ಆಮೇಲೆ ದಿನಾ ಮಧ್ಯಾಹ್ನ ಹಿಂದಿನ ಪಡಸಾಲೆಯಲ್ಲಿ ಕೂತು ಇಬ್ಬರೂ ಮಾತಾಡಿದರಂತೆ. ಆ ಕೇಕನ್ನೂ ಅವ್ವ ತಿಂದಳಂತೆ. ನಾನೂ ಡೋರೀನಳೂ ಕುಡಿಯುತ್ತಿದ್ದದ್ದು ಏನು ಎಂದೂ ಕೇಳಿ ತಿಳಿದುಕೊಂಡಳಂತೆ.

"ಛಲೋ ಕಾಫಿ ಕೆಡಿಸಿದ್ರಿ ಬಿಡು," ಅಂದಳು.

"ಮತ್ತ ನನಗ ಯಾಕ ಹೇಳಲಿಲ್ಲವ್ವಾ?"

"ಆಕೀನಽ ಬ್ಯಾಡ ಅಂದ್ಲು. ಗಿರಿಜವ್ವ ತಾನಽ ಬಂದು ಹೇಳ್ತಾಳ್ರಿ, ನಾ ಕಾಯ್ತೀನಿ, ಅಲ್ಲೀತನಕ ನನಗ ಕನ್ನಡ ಬರಂಗಿಲ್ಲ ಅಂತಽ ಇರ್ಲಿ ಅಂದ್ಲು. ನಾನೂ ಕಾದೆ."

ಊಟ ಆಯಿತೇ ಎಂದು ಅವ್ವ ಕೇಳಿದಳು. ಆಯಿತು ಎಂದೆ. ಫೋನು ಇಟ್ಟು ಒಳಗೆ ಬಂದೆ. ಡೋರೀನಳ ಪಾಲಿನ ವಿಸ್ಕಿ ಇಟ್ಟಲ್ಲೇ ಇತ್ತು. ಅದರ ಎದುರಿಗೆ ಕೂತು ಬಾಗಿಲಿನ ಚಿಲಕ ಹಾಕಿಕೊಂಡೆ.